ಟೆಕ್ಸಸ್: ಒಂಬತ್ತನೇ ತರಗತಿಗೆ ಮಾರ್ಚಿಂಗ್ ಬ್ಯಾಂಡ್ ಸೇರೋ ಮುಂಚೆ ಏನೇನು ಗೊತ್ತಿರಬೇಕು?

ಹಾಸನದ ಅಮ್ಮ ಕೇಳಿದ್ದು:

ನಮಸ್ಕಾರ. ನಾವಿರೋದು ಡಲ್ಲಾಸ್‌ನ ಉತ್ತರಕ್ಕೆ. ಮಗಳು ಈಗ ಎಂಟನೇ ತರಗತಿ, ಆರನೆಯದರಿಂದ ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸ್ತಿದ್ದಾಳೆ. ಆಗಸ್ಟ್‌ನಿಂದ ಹೈಸ್ಕೂಲು. ಅಲ್ಲಿ ಬ್ಯಾಂಡ್ ತಗೊಂಡರೆ ಮೊದಲ ಸೆಮಿಸ್ಟರ್ ಮಾರ್ಚಿಂಗ್ ಕಡ್ಡಾಯ ಅಂತ ಪತ್ರ ಬಂದಿದೆ. ಬ್ಯಾಂಡ್ ಅಂದರೆ ನಮಗೆ ಕಣ್ಮುಂದೆ ಬರೋದು ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಸಾಲಾಗಿ ನಡೆಯೋ ಪೊಲೀಸ್ ಬ್ಯಾಂಡು. ಇಲ್ಲಿನದು ಹಾಗಲ್ಲ ಅಂತ ಮಾತ್ರ ಗೊತ್ತು.

ವಾರಕ್ಕೆ ನಿಜವಾಗಿ ಎಷ್ಟು ಹೊತ್ತು ಹೋಗುತ್ತೆ? ಬೇಸಿಗೆ ರಜೆಯಲ್ಲಿ ಊರಿಗೆ ಹೋದರೆ ಎಷ್ಟರೊಳಗೆ ವಾಪಸ್ ಬರಬೇಕು? ಜಿಪಿಎ ಏನಾಗುತ್ತೆ? ಏನೇನು ಕೊಳ್ಳಬೇಕು? ನಡೀತಾ ನುಡಿಸೋದನ್ನ ಮನೇಲೇ ಈಗಿಂದ ಶುರು ಮಾಡಿಸಬಹುದಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

---

ಮೂರನೇ ಸಾಲು ಬರೆದಿದ್ದು:

ಅಕ್ಕ, ಮೊದಲು ಕ್ಯಾಲೆಂಡರ್ ಇತ್ಯರ್ಥ ಮಾಡಿಕೊಳ್ಳಿ. ಮಕ್ಕಳು ಬ್ಯಾಂಡ್ ಬಿಡೋದು ಸಂಗೀತ ಬರಲಿಲ್ಲ ಅಂತ ಅಲ್ಲ, ಮನೆಯ ಕ್ಯಾಲೆಂಡರಿಗೂ ಬ್ಯಾಂಡ್ ಕ್ಯಾಲೆಂಡರಿಗೂ ಹೊಂದದೆ.

ಬೇಸಿಗೆ ಬ್ಯಾಂಡ್ ಕ್ಯಾಂಪ್ ಸಾಮಾನ್ಯವಾಗಿ ಜುಲೈ ಕೊನೆ ವಾರ ಇಲ್ಲವೇ ಆಗಸ್ಟ್ ಮೊದಲ ವಾರ ಶುರುವಾಗಿ ಶಾಲೆ ತೆರೆಯೋವರೆಗೆ ನಡೆಯುತ್ತೆ. ಹೊಸಬರನ್ನ ಎರಡು ಮೂರು ದಿನ ಮುಂಚೆಯೇ ಕರೆಯೋದುಂಟು. ನಿಲ್ಲೋದು, ನಡೆಯೋದು, ವಾದ್ಯ ಎತ್ತೋದು, ಇಳಿಸೋದು ಎಲ್ಲ ಕಲಿಸೋದು ಆ ದಿನಗಳಲ್ಲೇ. ಆಮೇಲೆ ಬಂದವರಿಗೆ ಯಾರೂ ಹಿಂದಿನಿಂದ ಹೇಳಿಕೊಡಲ್ಲ. ಜೊತೆಗೆ ಪ್ರತಿ ಮಗುವಿಗೂ ಮೈದಾನದಲ್ಲಿ ಒಂದು ನಂಬರಿನ ಜಾಗ ಇರುತ್ತೆ. ಮಗು ಇಲ್ಲ ಅಂದರೆ ಬ್ಯಾಂಡ್ ಮೈದಾನದಲ್ಲಿ ಮೂಡಿಸೋ ಆಕಾರದಲ್ಲಿ ಅಲ್ಲೊಂದು ತೂತು. ಒಂದು ವಾರ ನೋಡಿ ಆ ಜಾಗ ಬೇರೆಯವರಿಗೆ ಕೊಟ್ಟು, ನಿಮ್ಮ ಮಗುವನ್ನ ಬದಲಿ ಆಟಗಾರರ ಥರ ಪಕ್ಕಕ್ಕೆ ನಿಲ್ಲಿಸ್ತಾರೆ. ಅದಕ್ಕೇ ಊರಿಂದ ವಾಪಸ್ ಬರೋ ಟಿಕೆಟ್ ಜುಲೈ 20ರೊಳಗಿರಲಿ. ಜೆಟ್‌ಲ್ಯಾಗ್ ಕಳೆಯೋಕೂ, ಬಿಸಿಲಿಗೆ ಮೈ ಒಗ್ಗೋಕೂ ಅಷ್ಟು ದಿನ ಬೇಕು. ಆಗಸ್ಟ್‌ನಲ್ಲಿ ರಂಗಪ್ರವೇಶ ಇಟ್ಟುಕೊಳ್ಳೋರಿದ್ದರೆ ಬ್ಯಾಂಡನ್ನೋ ರಂಗಪ್ರವೇಶದ ತಾರೀಕನ್ನೋ ಈಗಲೇ ಬದಲಾಯಿಸಿ.

ಶಾಲೆ ಶುರುವಾದ ಮೇಲೆ ಲೆಕ್ಕ ಹೀಗೆ. ಟೆಕ್ಸಸ್ ನಿಯಮದ ಪ್ರಕಾರ ಶಾಲಾ ವಾರದಲ್ಲಿ ಶಾಲಾವಧಿಯ ಹೊರಗೆ 8 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ. ಕೇಳೋಕೆ ಕಮ್ಮಿ. ಆದರೆ ದಿನದ ಬ್ಯಾಂಡ್ ಪೀರಿಯಡ್ ಇದರಲ್ಲಿಲ್ಲ, ಶುಕ್ರವಾರ ರಾತ್ರಿಯ ಫುಟ್‌ಬಾಲ್ ಪಂದ್ಯ ಇದರಲ್ಲಿಲ್ಲ, ಶನಿವಾರದ ಸ್ಪರ್ಧೆಯೂ ಇಲ್ಲ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಪೂರ್ತಿ ಶನಿವಾರಗಳು ನಿಮ್ಮವಲ್ಲ ಅಂದುಕೊಂಡುಬಿಡಿ. ದಸರಾ ಅದರೊಳಗೇ ಬರುತ್ತೆ. ತಂಡ ಏರಿಯಾ (ರಾಜ್ಯ ಸ್ಪರ್ಧೆಗೆ ಮುಂಚಿನ ಹಂತ) ದಾಟಿ ಸ್ಯಾನ್ ಆಂಟೋನಿಯೋದ ಅಲಾಮೋಡೋಮ್‌ನಲ್ಲಿ ನಡೆಯೋ ರಾಜ್ಯ ಸ್ಪರ್ಧೆಗೆ ಹೋದರೆ, ಅಥವಾ ಇಂಡಿಯಾನಾಪೊಲಿಸ್‌ನ ಬ್ಯಾಂಡ್ಸ್ ಆಫ್ ಅಮೆರಿಕ ಗ್ರ್ಯಾಂಡ್ ನ್ಯಾಷನಲ್ಸ್‌ಗೆ ಹೋದರೆ, ಸೀಸನ್ ನವೆಂಬರಿಗೆ ಚಾಚುತ್ತೆ. ಕನ್ನಡ ಸಂಘದ ರಾಜ್ಯೋತ್ಸವದ ನಾಟಕಕ್ಕೆ ಮಗಳ ಹೆಸರು ಕೊಡೋ ಮುಂಚೆ ಇದನ್ನ ನೋಡಿಕೊಳ್ಳಿ.

ಜಿಪಿಎ: ಟೆಕ್ಸಸ್‌ನಲ್ಲಿ ಹೈಸ್ಕೂಲ್ ಮುಗಿಸೋಕೆ ಒಂದು ಫೈನ್ ಆರ್ಟ್ಸ್ ಕ್ರೆಡಿಟ್, ಒಂದು ಪಿಇ (ದೈಹಿಕ ಶಿಕ್ಷಣ) ಕ್ರೆಡಿಟ್ ಬೇಕು. ಬ್ಯಾಂಡ್ ಮೊದಲನೆಯದನ್ನ ತುಂಬುತ್ತೆ. ಸ್ಕೂಲ್ ಡಿಸ್ಟ್ರಿಕ್ಟ್ ಒಪ್ಪಿದ್ದರೆ ಮಾರ್ಚಿಂಗ್ ಪಿಇಗೂ ಸಲ್ಲುತ್ತೆ. ಅಂದರೆ ಮೊದಲ ವರ್ಷ ಒಂದು ಪೀರಿಯಡ್ ಉಳಿತಾಯ. ಕೌನ್ಸೆಲರ್ ಹತ್ತಿರ ಕೇಳಬೇಕಾದ್ದು ಇಷ್ಟೇ: "ಬ್ಯಾಂಡ್ ರ‍್ಯಾಂಕಿನ ಜಿಪಿಎಗೆ ಸೇರುತ್ತಾ, ಸೇರಿದರೆ ಎಪಿ (ಕಾಲೇಜು ಮಟ್ಟದ) ತರಗತಿಯಷ್ಟೇ ತೂಕವಾ ಇಲ್ಲ ಸಾದಾ ತೂಕವಾ?" ಡಿಸ್ಟ್ರಿಕ್ಟಿನಿಂದ ಡಿಸ್ಟ್ರಿಕ್ಟಿಗೆ ಇದು ಬೇರೆ. ಸಾದಾ ತೂಕವಾದರೆ ನಾಲ್ಕೂ ವರ್ಷ ಬ್ಯಾಂಡಿನಲ್ಲಿರೋ ಮಗುವಿನ ರ‍್ಯಾಂಕು ಸ್ವಲ್ಪ ಇಳಿಯುತ್ತೆ. ಅದು ಒಪ್ಪಿಗೆಯಾ ಅಂತ ಮನೆಯಲ್ಲಿ ಮಾತಾಡಿಕೊಳ್ಳಿ, ಮಗಳನ್ನೂ ಕೂರಿಸಿಕೊಂಡು.

ಇನ್ನೊಂದು ಕೊಕ್ಕೆ, 'ನೋ ಪಾಸ್, ನೋ ಪ್ಲೇ'. ಗ್ರೇಡಿಂಗ್ ಅವಧಿ ಮುಗಿದಾಗ, ವಿನಾಯಿತಿ ಇರೋ ಎಪಿಯಂಥ ಕೆಲವು ಮೇಲ್ಮಟ್ಟದ ತರಗತಿ ಬಿಟ್ಟು, ಯಾವುದೇ ವಿಷಯದಲ್ಲಿ 70ಕ್ಕಿಂತ ಕಮ್ಮಿ ಬಂದರೆ ಕನಿಷ್ಠ ಮೂರು ಶಾಲಾ ವಾರ ಸ್ಪರ್ಧೆಗೆ ಇಳಿಯುವಂತಿಲ್ಲ. ಅಭ್ಯಾಸಕ್ಕೆ ಬರಬಹುದು. ಮೊದಲ ಆರು ವಾರದ ಗ್ರೇಡು ಬರೋದು ಸರಿಯಾಗಿ ಸ್ಪರ್ಧೆಗಳು ಶುರುವಾಗೋ ಹೊತ್ತಿಗೆ. ಕಷ್ಟದ ವಿಷಯದಲ್ಲಿ 68 ಬಂದ ಒಂದು ಮಗುವಿನಿಂದ ಆಕಾರದಲ್ಲಿ ಮತ್ತೊಂದು ತೂತು.

ವೈದ್ಯರ ತಪಾಸಣೆ ಫಾರಂ ಮರೀಬೇಡಿ. ಯುಐಎಲ್ (ಟೆಕ್ಸಸ್ ಶಾಲೆಗಳ ಸ್ಪರ್ಧೆ ನಡೆಸೋ ಸಂಸ್ಥೆ) ನಿಯಮದಂತೆ ಮಾರ್ಚಿಂಗ್ ಮಕ್ಕಳಿಗೂ ಹೈಸ್ಕೂಲಿನ ಮೊದಲ ಮತ್ತು ಮೂರನೇ ವರ್ಷಕ್ಕೆ ಮುಂಚೆ ಅದು ಬೇಕು. ಜುಲೈನಲ್ಲಿ ಅಪಾಯಿಂಟ್‌ಮೆಂಟ್ ಸಿಗದೆ ಒದ್ದಾಡ್ತಾರೆ, ಮೇ ತಿಂಗಳಲ್ಲೇ ಮುಗಿಸಿ.

---

ಇಪ್ಪತ್ತೆರಡೂವರೆ ಇಂಚು ಬರೆದಿದ್ದು:

ಮೇಲಿನವರು ಕ್ಯಾಲೆಂಡರ್ ಹೇಳಿದರು, ನಾನು ಕಾಲಿನ ವಿಷಯ ಹೇಳ್ತೀನಿ.

ಪೊಲೀಸ್ ಬ್ಯಾಂಡು ಮುಖ ಮುಂದಿಟ್ಟು ಮುಂದಕ್ಕೆ ನಡೆಯುತ್ತೆ. ಇಲ್ಲಿ ಹೆಚ್ಚಿನ ಶಾಲೆಗಳದ್ದು ಕೋರ್ (corps) ಶೈಲಿ. ಎದೆ ಮತ್ತು ವಾದ್ಯ ಸದಾ ಪ್ರೇಕ್ಷಕರ ಕಡೆ, ಕಾಲು ಮಾತ್ರ ಮುಂದೆ, ಹಿಂದೆ, ಅಡ್ಡ, ಓರೆ. ಪೂರ್ವ ಟೆಕ್ಸಸ್‌ನ ಕೆಲವು ಶಾಲೆಗಳು ಇನ್ನೂ ಮಿಲಿಟರಿ ಶೈಲಿ ಉಳಿಸಿಕೊಂಡಿವೆ. ನಿಮ್ಮ ಕಡೆ ಅದು ಸಿಗೋದು ಅಪರೂಪ.

ಎಲ್ಲದಕ್ಕೂ ಆಧಾರ 'ಏಟ್ ಟು ಫೈವ್'. 5 ಗಜಕ್ಕೆ 8 ಹೆಜ್ಜೆ, ಒಂದೊಂದು ಹೆಜ್ಜೆ ಇಪ್ಪತ್ತೆರಡೂವರೆ ಇಂಚು. ಮನೆ ಮುಂದಿನ ಡ್ರೈವ್‌ವೇಯಲ್ಲಿ ಸೀಮೆಸುಣ್ಣದಿಂದ 15 ಅಡಿಗೆ ಒಂದರಂತೆ ಮೂರು ಗೆರೆ ಎಳೆಯಿರಿ. ಫೋನಿನಲ್ಲಿ ಮೆಟ್ರೊನೋಮ್ 100ಕ್ಕೆ ಇಟ್ಟು, ಎಡಗಾಲಿನಿಂದ ಶುರು ಮಾಡಿ, ಎಂಟನೇ ಎಣಿಕೆಗೆ ಪಾದ ಸರಿಯಾಗಿ ಗೆರೆ ಮೇಲೆ ಬೀಳಬೇಕು. ಹೊಸಬರ ತಪ್ಪು ಎಲ್ಲರದ್ದೂ ಒಂದೇ. ಮೊದಲ ನಾಲ್ಕು ಹೆಜ್ಜೆ ಉದ್ದ ಹಾಕಿ, ಗೆರೆ ಹತ್ತಿರ ಬಂತು ಅಂತ ಕೊನೆಯ ಮೂರನ್ನ ಕುಗ್ಗಿಸ್ತಾರೆ. ಕೆಳಗೆ ನೋಡಿಕೊಂಡು ಹೋದರೆ ಇದು ಯಾವತ್ತೂ ಸರಿಹೋಗಲ್ಲ. ಕಣ್ಣು ಮುಂದಿಟ್ಟು ಎಂಟು ಎಣಿಸಿ ನಿಂತು, ಆಮೇಲೆ ಮಾತ್ರ ಕೆಳಗೆ ನೋಡಲಿ. ಎಷ್ಟು ಹಿಂದೆ ಮುಂದೆ ಆಗಿದೆ ಅಂತ ತಿದ್ದಿಕೊಂಡು ಮತ್ತೆ. ದಿನಕ್ಕೆ 15 ನಿಮಿಷ ಸಾಕು, ವಾದ್ಯ ಇಲ್ಲದೆಯೇ.

ಮುಂದಕ್ಕೆ ನಡೆಯುವಾಗ ಹಿಮ್ಮಡಿ ಮೊದಲು, ಬೆರಳು ಮೇಲೆ ಎತ್ತಿರಬೇಕು, ಪಾದ ಉರುಳಿದ ಹಾಗೆ ಇಳಿಯಬೇಕು. ಪಾದ ಧಪ್ ಅಂತ ಬಿದ್ದರೆ ಆ ಕುಲುಕು ಎದೆಗೆ, ಎದೆಯಿಂದ ಉಸಿರಿಗೆ, ಉಸಿರಿನಿಂದ ಸ್ವರಕ್ಕೆ ಬರುತ್ತೆ. ಕ್ಲಾರಿನೆಟ್‌ನಲ್ಲಿ ಉದ್ದ ಸ್ವರ ಹಿಡಿದಾಗ 'ವವವವ' ಅಂತ ಕೇಳಿಸಿದರೆ ತಪ್ಪು ಬಾಯಿಯದಲ್ಲ, ಪಾದದ್ದು. ಹಿಂದಕ್ಕೆ ನಡೆಯುವಾಗ ಇದರ ಉಲ್ಟಾ: ಹಿಮ್ಮಡಿ ನೆಲ ಮುಟ್ಟೋದೇ ಇಲ್ಲ, ಪೂರ್ತಿ ಮುಂಗಾಲ ಮೇಲೆ. ಮೀನಖಂಡ ಮೊದಲ ವಾರ ಹಿಡಿದುಕೊಳ್ಳುತ್ತೆ, ಅದು ಸಹಜ. ಹಿಮ್ಮಡಿ ಇಟ್ಟವರು ಎಡವಿ ಬೀಳ್ತಾರೆ, ಹಿಂದೆ ಸೂಸಾಫೋನ್ (ಮೈಗೆ ಸುತ್ತಿಕೊಳ್ಳೋ ದೊಡ್ಡ ಕಹಳೆ) ಹೊತ್ತವರಿದ್ದರೆ ಅವರನ್ನೂ ಬೀಳಿಸ್ತಾರೆ.

ಆಮೇಲೆ 'ಡಾಟ್'. ಪ್ರತಿ ಮಗುವಿಗೂ ಡ್ರಿಲ್ಲಿನ (ಮೈದಾನದಲ್ಲಿ ಚಲಿಸೋ ನಕ್ಷೆಯ) ಒಂದೊಂದು ಪುಟಕ್ಕೆ ಒಂದು ಜಾಗ ಬರೆದಿರುತ್ತೆ: "ಸೈಡ್ 1, 40ರ ಗೆರೆಯಿಂದ 2 ಹೆಜ್ಜೆ ಒಳಗೆ, ಫ್ರಂಟ್ ಹ್ಯಾಷ್‌ನಿಂದ 4 ಹೆಜ್ಜೆ ಹಿಂದೆ." ಸೈಡ್ 1 ಅಂದರೆ ಪ್ರೇಕ್ಷಕರ ಎಡಕ್ಕೆ, ಅಂದರೆ ಅವರಿಗೆ ಮುಖ ಮಾಡಿ ನಿಂತ ಮಗುವಿನ ಬಲಕ್ಕೆ. ಒಳಗೆ ಅಂದರೆ 50ರ, ಅಂದರೆ ಮೈದಾನದ ನಡುಗೆರೆಯ ಕಡೆಗೆ. ಹ್ಯಾಷ್ ಅಂದರೆ ಗಜದ ಗೆರೆಗಳ ಮೇಲಿರೋ ಸಣ್ಣ ಅಡ್ಡ ಗುರುತು. ಹೈಸ್ಕೂಲ್ ಮೈದಾನದಲ್ಲಿ ಹ್ಯಾಷ್ ಗುರುತುಗಳು ಅಂಚಿನಿಂದ 53 ಅಡಿ 4 ಇಂಚಿಗೆ ಇವೆ, ಡ್ರಿಲ್ ಲೆಕ್ಕದಲ್ಲಿ 28 ಹೆಜ್ಜೆ. ಕಾಲೇಜು ಮೈದಾನದಲ್ಲಿ ಅದು 60 ಅಡಿ. ಅಲ್ಲಿ ಸ್ಪರ್ಧೆ ಆದರೆ ಹ್ಯಾಷ್ ನಂಬಿಕೊಂಡ ಮಗು ತಪ್ಪು ಜಾಗದಲ್ಲಿ ನಿಲ್ಲುತ್ತೆ. ಹಾಗಾಗಿ ಗೆರೆಯನ್ನಷ್ಟೇ ಅಲ್ಲ, ಹೆಜ್ಜೆ ಅಳತೆಯನ್ನ ಮೈಗೂಡಿಸಿಕೊಳ್ಳಬೇಕು.

ಡಾಟ್‌ಗಳನ್ನ ಕೈಯಲ್ಲಿ ಹಿಡಿಯೋ ಪುಟ್ಟ ಪುಸ್ತಕಕ್ಕೆ ಬರೆದು, ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳೋದು ಹಳೇ ಪದ್ಧತಿ. ಈಗ ಅಲ್ಟಿಮೇಟ್ ಡ್ರಿಲ್ ಬುಕ್ ಥರದ ಆ್ಯಪ್‌ಗಳಿವೆ. ಆದರೂ ಕೈಯಲ್ಲಿ ಬರೆಯೋದೇ ಒಳ್ಳೇದು ಅನ್ನೋ ಪಕ್ಷ ನನ್ನದು. ಆಗಸ್ಟ್ ಬಿಸಿಲಲ್ಲಿ ಫೋನ್ ಕಾದು ತಾನೇ ಆರಿಹೋಗುತ್ತೆ.

ನುಡಿಸೋದು, ನಡೆಯೋದು ಎರಡನ್ನೂ ಒಟ್ಟಿಗೆ ಮೊದಲೇ ಕಲಿಸೋಕೆ ಹೋಗಬೇಡಿ. ಸ್ವರ ಬಾಯಿಪಾಠ ಆಗಿರಬೇಕು, ಸ್ಪರ್ಧೆಯ ಷೋನಲ್ಲಿ ಕಾಗದ ಇರೋದಿಲ್ಲ. ಆಮೇಲೆ ನಿಂತಲ್ಲೇ ಕಾಲು ಕುಟ್ಟುತ್ತಾ ನುಡಿಸಲಿ, ಅದಕ್ಕೆ 'ಮಾರ್ಕ್ ಟೈಮ್' ಅಂತಾರೆ. ನಡೆಯೋದು ಕೊನೆಗೆ. ಈ ಕ್ರಮ ತಪ್ಪಿಸಿದ ಮಕ್ಕಳು ಕಾಲು ಉಳಿಸಿಕೊಂಡು ಸ್ವರ ಬಿಟ್ಟುಬಿಡ್ತಾರೆ. ದೂರದಿಂದ ನೋಡೋರಿಗೆ ಗೊತ್ತಾಗಲ್ಲ, ಡೈರೆಕ್ಟರಿಗೆ ಗೊತ್ತಾಗುತ್ತೆ.

---

ಹಾಸನದ ಅಮ್ಮ:

ತುಂಬಾ ಉಪಕಾರವಾಯ್ತು, ಡ್ರೈವ್‌ವೇ ಗೆರೆ ಇವತ್ತೇ ಎಳೀತೀವಿ. ಒಂದು ಸಣ್ಣ ಪ್ರಶ್ನೆ. ಮರದ ಕ್ಲಾರಿನೆಟ್ ಕೊಡಿಸಿದ್ದೇವೆ. ಅದನ್ನೇ ಒಯ್ಯಬಹುದಲ್ಲ?

---

ರೀಡ್ ಡಬ್ಬಿ ಬರೆದಿದ್ದು:

ಬೇಡ ಮೇಡಂ, ಮೈದಾನಕ್ಕೆ ಖಂಡಿತ ಬೇಡ. ಎಸಿ ಕೋಣೆಯಿಂದ ಆಗಸ್ಟ್ ಬಿಸಿಲಿಗೆ, ಅಕ್ಟೋಬರ್ ರಾತ್ರಿಯ ಚಳಿಗೆ ಹೋಗಿಬಂದರೆ ಗ್ರೆನಡಿಲ್ಲಾ ಮರ ಬಿರಿಯುತ್ತೆ. ತಣ್ಣಗಿರೋ ಮರದ ಒಳಗೆ ಬಿಸಿ ಉಸಿರು ಹೊಕ್ಕಾಗ ಒಳಗೋಡೆ ಹಿಗ್ಗುತ್ತೆ, ಹೊರಗಿನದು ಹಿಗ್ಗಲ್ಲ, ಬಿರುಕು ಬರೋದು ಹಾಗೆ. ಆರನೇ ತರಗತಿಯಲ್ಲಿ ಬಳಸಿದ ಪ್ಲಾಸ್ಟಿಕ್ ಕ್ಲಾರಿನೆಟ್ ಇದ್ದರೆ ಅದೇ ಮಾರ್ಚಿಂಗ್ ವಾದ್ಯ. ಮಾರಿಬಿಟ್ಟಿದ್ದರೆ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಇಲ್ಲವೇ ಶಾಲೆಯಲ್ಲಿ ಕೇಳಿ. ಮರದ್ದು ಚಳಿಗಾಲದ ಕಾನ್ಸರ್ಟ್ ಸೀಸನ್ನಿಗೆ. ಮೌತ್‌ಪೀಸ್ ಮಾತ್ರ ಅಭ್ಯಾಸದ್ದೇ ಇರಲಿ, ಬದಲಿಸಬೇಡಿ.

ಯಾವ ವಾದ್ಯವನ್ನೂ ಕಾರಿನಲ್ಲಿ ಬಿಡಬೇಡಿ. ಪ್ಯಾಡ್ ಮತ್ತು ಕಾರ್ಕಿನ ಅಂಟು ಬಿಸಿಗೆ ಮೆತ್ತಗಾಗಿ ಜಾರುತ್ತೆ. ನೋಡೋಕೆ ಏನೂ ಆಗಿಲ್ಲ ಅನಿಸುತ್ತೆ, ಆದರೆ ಕೆಳಗಿನ ಸ್ವರಗಳು ಹೊರಡೋದೇ ಇಲ್ಲ. ನಾಲ್ಕು ರೀಡ್ (ಮೌತ್‌ಪೀಸಿಗೆ ಕಟ್ಟೋ, ಊದಿದಾಗ ಕಂಪಿಸೋ ತೆಳು ಪಟ್ಟಿ) ಸರದಿಯಲ್ಲಿ ಬಳಸಲಿ. ಒಂದನ್ನೇ ಉಜ್ಜಿದರೆ ಎರಡು ವಾರಕ್ಕೆ ಮೆತ್ತಗಾಗುತ್ತೆ. ಬಿಸಿಲಲ್ಲಿ ಜೊಂಡಿನ (ಕೇನ್) ರೀಡು ಒಣಗಿ ಅಂಚು ಅಲೆಅಲೆಯಾಗುತ್ತೆ, ಅದಕ್ಕೇ ಕೆಲವರು ಹೊರಗಡೆಗೆ ಸಿಂಥೆಟಿಕ್ ರೀಡ್ ಇಟ್ಟುಕೊಳ್ತಾರೆ.

ಓಬೋ, ಬಸೂನ್ ನುಡಿಸೋ ಮಕ್ಕಳ ಅಪ್ಪ ಅಮ್ಮ ಓದ್ತಿದ್ದರೆ: ಅವೆರಡೂ ಮೈದಾನಕ್ಕೆ ಇಳಿಯಲ್ಲ. ಆ ಮಕ್ಕಳು ಸ್ಯಾಕ್ಸೋ ಕ್ಲಾರಿನೆಟ್ಟೋ ಹಿಡೀತಾರೆ, ಇಲ್ಲ ನಡೆಯದೆ ಮೈದಾನದ ಮುಂದೆ ನಿಂತೇ ನುಡಿಸೋ ಫ್ರಂಟ್ ಎನ್‌ಸೆಂಬಲ್‌ಗೆ ಹೋಗ್ತಾರೆ. ಫ್ರೆಂಚ್ ಹಾರ್ನ್ ನುಡಿಸೋರಿಗೆ ಮೆಲೋಫೋನ್ ಕೊಡ್ತಾರೆ, ಅದರ ಬಾಯಿ ಮುಂದಕ್ಕಿದೆ. ಹಾರ್ನಿನಲ್ಲಿ ಎಡಗೈ ವಾಲ್ವ್ ಒತ್ತುತ್ತೆ, ಮೆಲೋಫೋನಿನಲ್ಲಿ ಬಲಗೈ. ಮೊದಲ ವಾರ ಎಲ್ಲರೂ ತಡವರಿಸ್ತಾರೆ.

ಕೊಳ್ಳಬೇಕಾದ್ದು ಕಮ್ಮಿ. ಯೂನಿಫಾರ್ಮು ಶಾಲೆಯದ್ದು. ಮಾರ್ಚಿಂಗ್ ಶೂ, ಕೈಗವಸು, ಉದ್ದನೆ ಕಪ್ಪು ಕಾಲುಚೀಲ ನಿಮ್ಮದು. ಶೂಗೆ ಶಾಲೆಯೇ ಅಳತೆ ತಗೊಂಡು ಒಟ್ಟಿಗೆ ತರಿಸುತ್ತೆ, ನೀವಾಗಿ ಅಮೆಜಾನ್‌ನಲ್ಲಿ ಕೊಂಡರೆ ಮಾಡೆಲ್ ಬೇರೆಯಾಗಿ ದುಡ್ಡು ದಂಡ. ಕ್ಯಾಂಪಿಗೆ ಕಟ್ಟೋ ಲೇಸಿನ ಓಟದ ಶೂ, ಅಗಲ ಅಂಚಿನ ಟೋಪಿ, ಬೆವರು ಹೀರೋ ತಿಳಿ ಬಣ್ಣದ ಬಟ್ಟೆ, ಸನ್‌ಸ್ಕ್ರೀನ್, ಅರ್ಧ ಗ್ಯಾಲನ್ನಿನ ನೀರಿನ ಜಗ್. ಹತ್ತಿಯ ಕಾಲುಚೀಲ ಹಾಕಿಸಬೇಡಿ, ಬೆವರಿಗೆ ಒದ್ದೆಯಾಗಿ ಬೊಬ್ಬೆ ಬರುತ್ತೆ.

---

ಧಾರವಾಡದಾಂವ:

ನಡುವ ಬಾಯಿ ಹಾಕಾಕತ್ತೀನಿ, ಕ್ಷಮಾ ಇರಲಿ. ನನ್ನ ಮಗ ಐದು ವರ್ಷದಿಂದ ಮೃದಂಗ ಕಲಿಯಾಕತ್ಯಾನ. ಶಾಲಿ ಬ್ಯಾಂಡಿನ್ಯಾಗ ಯಾವತ್ತೂ ಇರಲಿಲ್ಲ. ಈಗ ಒಂಬತ್ತನೇತ್ತಕ್ಕ ಸೀದಾ ಡ್ರಮ್‌ಲೈನ್ ಸೇರತೀನಿ ಅಂತಾನ. ಆಗತದೇನ್ರಿ?

---

ತಕಧಿಮಿ ಬರೆದಿದ್ದು:

ಸರ್, ನೇರವಾಗಿ ಹೇಳಬೇಕಂದರೆ ಸ್ನೇರ್ ಡ್ರಮ್ ಮೊದಲ ವರ್ಷ ಕಷ್ಟ. ಬ್ಯಾಟರಿ ಅಂತ ಕರೆಯೋ ನಡೆಯೋ ಡ್ರಮ್ಮಿನವರ ಆಯ್ಕೆ ವಸಂತದಲ್ಲೇ ಆಡಿಷನ್ ಮೂಲಕ ಮುಗಿದಿರುತ್ತೆ, ಜಾಗ ಬೆರಳೆಣಿಕೆಯಷ್ಟು. ಆರನೇ ತರಗತಿಯಿಂದ ಕೋಲು ಹಿಡಿದ ಮಕ್ಕಳು ಅಲ್ಲಿ ಸಾಲು ನಿಂತಿರ್ತಾರೆ.

ಮೃದಂಗದಿಂದ ಯಾವುದು ಉಪಯೋಗಕ್ಕೆ ಬರುತ್ತೆ, ಯಾವುದು ಬರಲ್ಲ ಅಂತ ಬಿಡಿಸಿ ನೋಡಿ. ಬೆರಳಿನ ಕೆಲಸ ಬರಲ್ಲ. ಅಲ್ಲಿ ಕೆಲಸವೆಲ್ಲ ಮಣಿಕಟ್ಟಿನದು, ಕೋಲಿನ ಎತ್ತರ ಎಲ್ಲರದ್ದೂ ಇಂಚು ಲೆಕ್ಕದಲ್ಲಿ ಒಂದೇ ಇರಬೇಕು. ಲೆಕ್ಕಾಚಾರ ಮಾತ್ರ ಪೂರ್ತಿ ಬರುತ್ತೆ. ಅವರು 'ಒನ್ ಇ ಆ್ಯಂಡ್ ಅ' ಅಂತ ಎಣಿಸೋದು ನಿಮ್ಮ ಮಗನ ತಕಧಿಮಿಯೇ, ಟ್ರಿಪ್ಲೆಟ್ ಅಂದರೆ ತಕಿಟ. ಆದರೆ ಅದನ್ನ ಸ್ಟಾಫ್ ನೊಟೇಷನ್ನಿನಲ್ಲಿ ಕಣ್ಣಿಂದ ಓದೋಕೆ ಬರಬೇಕು. ಬಾಯಿಂದ ಕಲಿತ ಮಕ್ಕಳು ಸಿಕ್ಕಿಬೀಳೋದು ಇಲ್ಲೇ.

ಅವನಿಗೆ ಹೊಂದೋ ಜಾಗ ಬಾಸ್ ಡ್ರಮ್ ಅಂತ ನನಗನಿಸುತ್ತೆ. ಸಾಮಾನ್ಯವಾಗಿ ಐದು ಜನ, ಐದು ಶ್ರುತಿಯ ಡ್ರಮ್ಮು. ಒಂದು ವೇಗದ ಓಟವನ್ನ ಐವರಿಗೂ ಹಂಚಿರ್ತಾರೆ. 'ತಕಧಿಮಿ'ಯಲ್ಲಿ 'ಧಿ' ಒಂದೇ ನಿಮ್ಮದು, ಮಿಕ್ಕದ್ದು ಪಕ್ಕದವರದ್ದು ಅನ್ನೋ ಹಾಗೆ. ತಾಳವನ್ನ ಒಳಗೆ ಹಿಡಿದುಕೊಂಡು ತನ್ನ ಒಂದಕ್ಷರಕ್ಕೆ ಕಾಯೋದು ಕೊನ್ನಕೋಲ್ ಗೊತ್ತಿರೋ ಹುಡುಗನಿಗೆ ಸುಲಭ. ಇನ್ನೊಂದು ದಾರಿ ಫ್ರಂಟ್ ಎನ್‌ಸೆಂಬಲ್. ಮರಿಂಬಾ, ವೈಬ್ರಾಫೋನ್ (ಕೋಲಿನಿಂದ ಬಾರಿಸೋ ಸ್ವರಪಟ್ಟಿಯ ವಾದ್ಯಗಳು) ಬೇಕಂದರೆ ಸ್ವರ ಓದೋಕೆ ಬರಬೇಕು. ಪಿಯಾನೋ ಬರುತ್ತೆ ಅಂದರೆ ಸಿಂಥಸೈಜರ್.

ಈಗಲೇ ಮಾಡಬೇಕಾದ್ದು: ಅಭ್ಯಾಸದ ಪ್ಯಾಡ್, ಒಂದು ಜೊತೆ ಮಾರ್ಚಿಂಗ್ ಕೋಲು, ಮೆಟ್ರೊನೋಮ್. ಮೆಟ್ರೊನೋಮ್ 80ಕ್ಕಿಟ್ಟು ಬಲಗೈ ಎಂಟು, ಎಡಗೈ ಎಂಟು. ಕನ್ನಡಿ ಮುಂದೆ ಕೂತು ಎರಡೂ ಕೋಲು ಒಂದೇ ಎತ್ತರಕ್ಕೆ ಹೋಗ್ತಿದೆಯಾ ನೋಡಲಿ. ಪರ್ಕಸಿವ್ ಆರ್ಟ್ಸ್ ಸೊಸೈಟಿಯ 40 ರೂಡಿಮೆಂಟುಗಳಲ್ಲಿ (ಕೋಲಿನ ಮೂಲ ಪಾಠಗಳಲ್ಲಿ) ಪ್ಯಾರಡಿಡಲ್, ಡಬಲ್ ಸ್ಟ್ರೋಕ್, ಫ್ಲ್ಯಾಮ್ ಮೂರನ್ನ ನಿಧಾನವಾಗಿ ಗಟ್ಟಿ ಮಾಡಿದರೆ ಡೈರೆಕ್ಟರ್ ಹತ್ತಿರ ಹೋಗೋಕೆ ಮುಖ ಇರುತ್ತೆ.

ತಾಳದ ಜ್ಞಾನ ಇದ್ದವರೇ ಎಡವೋ ಒಂದು ವಿಷಯವಿದೆ. ಕಛೇರಿಯಲ್ಲಿ ಕಿವಿ ನಂಬಬೇಕು, ಮೈದಾನದಲ್ಲಿ ಕಿವಿ ಮೋಸ ಮಾಡುತ್ತೆ. ಮೈದಾನದ ಅಗಲ 160 ಅಡಿ. ಶಬ್ದಕ್ಕೆ ಅಷ್ಟು ದಾಟೋಕೆ ಸುಮಾರು 0.14 ಸೆಕೆಂಡ್ ಬೇಕು. 160ರ ಲಯದಲ್ಲಿ ಒಂದು ಬೀಟ್ 0.375 ಸೆಕೆಂಡ್, ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಡ. ಹಿಂದಿರೋರು ಮುಂದಿನ ಶಬ್ದ ಕೇಳಿ ನುಡಿಸಿದರೆ, ಪ್ರೇಕ್ಷಕರಿಗೆ ಅದು ಎರಡು ಪಟ್ಟು ತಡವಾಗಿ ತಲುಪುತ್ತೆ. ಅದಕ್ಕೇ ಬ್ಯಾಟರಿ, ಎದುರು ನಿಂತು ತಾಳ ತೋರಿಸೋ ಡ್ರಮ್ ಮೇಜರ್ ಕೈ ನೋಡಿ ನುಡಿಸುತ್ತೆ, ಅದರ ಮುಂದಿರೋರು ಹಿಂದಿನಿಂದ ಬರೋ ಶಬ್ದ ಕೇಳಿ ನುಡಿಸ್ತಾರೆ. ತೀರ ಮುಂದಿರೋ ಫ್ರಂಟ್ ಎನ್‌ಸೆಂಬಲ್ ಡ್ರಮ್ ಮೇಜರನ್ನ ನೆಚ್ಚಿಕೊಳ್ಳೋದೇ ಇಲ್ಲ, ಪೂರ್ತಿ ಹಿಂದಕ್ಕೇ ಕಿವಿ.

ಡ್ರಮ್ ಸೇರಿದರೆ ಇಯರ್‌ಪ್ಲಗ್ ಮೊದಲ ದಿನದಿಂದಲೇ. 85 ಡೆಸಿಬಲ್ ಅನ್ನ 8 ಗಂಟೆ ತಡೆಯಬಹುದು ಅನ್ನೋದು ನಯಾಷ್ (ಅಮೆರಿಕದ ಕೆಲಸಗಾರರ ಸುರಕ್ಷತೆ, ಆರೋಗ್ಯದ ಸರ್ಕಾರಿ ಸಂಸ್ಥೆ) ಲೆಕ್ಕ, ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧಕ್ಕರ್ಧ. 100 ಆದರೆ 15 ನಿಮಿಷ. ಡ್ರಮ್ ಸಾಲಿನ ನಡುವೆ 100 ದಾಟೋದು ಏನೂ ಕಷ್ಟವಲ್ಲ.

ಯಾವ ವಾದ್ಯವೂ ಬರದ ಮಕ್ಕಳಿಗೂ ಬಾಗಿಲಿದೆ, ಕಲರ್ ಗಾರ್ಡ್. ಬಾವುಟ, ಮರದ ರೈಫಲ್, ಕುಣಿತ. ಆಡಿಷನ್ನಿಗೆ ಮುಂಚಿನ ಕೆಲವು ದಿನ ಅವರೇ ಕಲಿಸ್ತಾರೆ. ಭರತನಾಟ್ಯ ಕಲಿತ ಮಕ್ಕಳಿಗೆ ಎಣಿಕೆ, ಕೈಯ ನೇರ, ಮುಖಭಾವ ಸುಲಭ. ಅರೆಮಂಡಿಯ ಅಭ್ಯಾಸದಿಂದ ಮಂಡಿ ತಾನಾಗೇ ಬಾಗೋದೊಂದನ್ನ ಬಿಡಬೇಕಾಗುತ್ತೆ.

---

ಧಾರವಾಡದಾಂವ:

ಭಾಳ ಉಪಕಾರ ಆತ್ರಿ. 'ಧಿ' ಒಂದ ನಂದು ಅಂತ ಹೇಳಿದ್ದಕ್ಕ ಮಗ ಈಗ ಬಾಸ್ ಡ್ರಮ್ಮ ಬೇಕು ಅನ್ನಾಕತ್ತಾನ.

---

ಲೆಕ್ಕದ ಪುಸ್ತಕ ಬರೆದಿದ್ದು:

ದುಡ್ಡಿನ ಮಾತು ಯಾರೂ ಆಡಲಿಲ್ಲ. ಶಾಲೆಯ ಮೇಲೆ ಹೋಗಿ ವರ್ಷಕ್ಕೆ ಕೆಲವು ನೂರು ಡಾಲರಿನಿಂದ ಸಾವಿರ ದಾಟೋವರೆಗೂ ಇದೆ. ದೂರದ ಸ್ಪರ್ಧೆಗೆ ವಿಮಾನ ಹತ್ತಿದರೆ ಅದು ಬೇರೆ. ಪತ್ರದಲ್ಲಿ 'ಫೇರ್ ಷೇರ್' ಅಂತ ಒಂದೇ ಮೊತ್ತ ಬರೆದಿರ್ತಾರೆ, ಅದರಲ್ಲಿ ಶೂ, ಊಟ, ಪ್ರಯಾಣ ಸೇರಿದೆಯಾ ಅಂತ ಕೇಳಿ. ಕಂತಿನಲ್ಲಿ ಕಟ್ಟೋಕೆ ಬಿಡ್ತಾರೆ. ಕಷ್ಟ ಇದ್ದರೆ ಡೈರೆಕ್ಟರಿಗೆ ಖಾಸಗಿಯಾಗಿ ಇಮೇಲ್ ಮಾಡಿ, ಅದರಲ್ಲಿ ಸಂಕೋಚ ಬೇಡ. ಸೂಸಾಫೋನ್, ಬ್ಯಾರಿಟೋನ್, ಮೆಲೋಫೋನ್, ಡ್ರಮ್ಮುಗಳು ಶಾಲೆಯವೇ, ಬಳಕೆ ಶುಲ್ಕ ಮಾತ್ರ.

ಒಂದು ವಿಷಯದಲ್ಲಿ ಹುಷಾರು. "ನೀವು ಸ್ಟೇಡಿಯಂನ ತಿಂಡಿ ಅಂಗಡಿಯಲ್ಲಿ ನಿಂತು ದುಡಿದರೆ ನಿಮ್ಮ ಮಗುವಿನ ಖಾತೆಗೆ ಅಷ್ಟು ಜಮಾ" ಅಂತ ಬೂಸ್ಟರ್ ಕ್ಲಬ್ಬಿನವರು (ಬ್ಯಾಂಡಿಗೆ ಹಣ ಕೂಡಿಸೋ ಪೋಷಕರ ಸಂಘದವರು) ಹೇಳಬಹುದು. 501(ಸಿ)(3) ಸಂಸ್ಥೆ, ಅಂದರೆ ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆ, ಹಾಗೆ ಮಾಡುವಂತಿಲ್ಲ. 2013ರಲ್ಲಿ ಕ್ಯಾಪಿಟಲ್ ಜಿಮ್ನಾಸ್ಟಿಕ್ಸ್ ಬೂಸ್ಟರ್ ಕ್ಲಬ್ ಪ್ರಕರಣದಲ್ಲಿ ಇದೇ ಕಾರಣಕ್ಕೆ ತೆರಿಗೆ ವಿನಾಯಿತಿ ರದ್ದಾಗಿದ್ದನ್ನ ಟ್ಯಾಕ್ಸ್ ಕೋರ್ಟ್ ಎತ್ತಿಹಿಡಿಯಿತು. ಕೂಡಿಸಿದ ಹಣ ಎಲ್ಲ ಮಕ್ಕಳಿಗೂ ಸಮನಾಗಿ ಹೋಗಬೇಕು.

ಅಪ್ಪ ಅಮ್ಮಂದಿರಿಗೂ ಕೆಲಸ ಉಂಟು: ನೀರು ಹಂಚೋದು, ಯೂನಿಫಾರ್ಮಿನ ಪ್ಯಾಂಟಿನ ಅಂಚು ಹೊಲಿಯೋದು, ಮರಿಂಬಾ ತಳ್ಳಿಕೊಂಡು ಮೈದಾನಕ್ಕೆ ಒಯ್ಯೋದು. ಅದಕ್ಕೆ ಬ್ಯಾಕ್‌ಗ್ರೌಂಡ್ ಚೆಕ್ ಬೇಕು, ಜುಲೈನಲ್ಲೇ ಹಾಕಿಬಿಡಿ.

---

ರೀಡ್ ಡಬ್ಬಿ ಮತ್ತೆ:

ಎರಡು ಮಾತು ಬಿಟ್ಟಿದ್ದೆ. ಸ್ಪರ್ಧೆಯ ದಿನ ಓಲೆ, ಮೂಗುಬೊಟ್ಟು, ಬಳೆ ಯಾವುದೂ ಹಾಕಿಕೊಳ್ಳುವಂತಿಲ್ಲ. ಮೂಗು ಹೊಸದಾಗಿ ಚುಚ್ಚಿಸೋ ಯೋಚನೆ ಇದ್ದರೆ ಡಿಸೆಂಬರಿಗೆ ಮುಂದೂಡಿ, ಹಸಿ ತೂತಿನಿಂದ ತೆಗೆದರೆ ಮುಚ್ಚಿಕೊಳ್ಳುತ್ತೆ. ಉದ್ದ ಕೂದಲನ್ನ ಜಡೆ ಹಾಕಿ ಟೋಪಿಯೊಳಗೆ ಸುತ್ತಬೇಕು. ಕತ್ತಿನ ಹತ್ತಿರ ತುರುಬು ಕಟ್ಟಿದರೆ ಟೋಪಿ ಮುಂದಕ್ಕೆ ಜಾರಿ ಕಣ್ಣು ಮುಚ್ಚುತ್ತೆ.

ಊಟ: ಬೂಸ್ಟರಿನವರು ಕೊಡೋದು ಪಿಜ್ಜಾ, ಹಾಟ್‌ಡಾಗ್, ಸ್ಯಾಂಡ್‌ವಿಚ್. ಫಾರಂನಲ್ಲಿ ಸಸ್ಯಾಹಾರಿ ಅಂತ ಬರೆದರಷ್ಟೇ ಸಾಲದು, ಮೊಟ್ಟೆ ತಿಂತಾಳಾ ಇಲ್ಲವಾ ಅದನ್ನೂ ಬರೆಯಿರಿ. ಮನೆಯಿಂದ ಕಟ್ಟೋದಾದರೆ ಚಪಾತಿ ರೋಲ್, ಚಿತ್ರಾನ್ನ ಪರವಾಗಿಲ್ಲ. ಮೊಸರನ್ನ ಆ ಬಿಸಿಲಿಗೆ ಬಸ್ಸಿನಲ್ಲೇ ಹುಳಿಯಾಗುತ್ತೆ. ನುಡಿಸೋಕೆ ಒಂದೂವರೆ ಗಂಟೆ ಮುಂಚೆ ತಿಂದು ಮುಗಿಸಲಿ, ಬಾಯಿ ಮುಕ್ಕಳಿಸದೆ ವಾದ್ಯ ಮುಟ್ಟಬಾರದು. ಜ್ಯೂಸ್ ಕುಡಿದು ಊದಿದರೆ ಸಕ್ಕರೆ ಪ್ಯಾಡಿಗೆ ಅಂಟಿ ಕೀಲಿಗಳು 'ಪಚಕ್' ಅಂತ ಸದ್ದು ಮಾಡ್ತವೆ. ಆಗ ಪ್ಯಾಡಿನ ಕೆಳಗೆ ಸಿಗರೇಟ್ ಪೇಪರ್ ಇಟ್ಟು ಮೆಲ್ಲಗೆ ಒತ್ತಿ ಬಿಟ್ಟರೆ ಅಂಟು ಹೋಗುತ್ತೆ. ಎಳೀಬೇಡಿ, ಪ್ಯಾಡಿನ ಪೊರೆ ಹರಿಯುತ್ತೆ.

---

ಮೂರನೇ ಸಾಲು:

ಸಿಡಿಲಿನ ವಿಷಯವೂ ಸೇರಿಸ್ತೀನಿ. ಗುಡುಗು ಕೇಳಿದ ಕೂಡಲೇ ಮೈದಾನ ಖಾಲಿ ಮಾಡಿಸ್ತಾರೆ, ಕೊನೆಯ ಗುಡುಗಿನಿಂದ 30 ನಿಮಿಷ ಲೆಕ್ಕ. 29ನೇ ನಿಮಿಷಕ್ಕೆ ಮತ್ತೆ ಗುಡುಗಿದರೆ ಎಣಿಕೆ ಮೊದಲಿನಿಂದ. ಹಾಗಾಗಿ ಮಳೆಯ ಶುಕ್ರವಾರ ಮಗಳನ್ನ ಕರ್ಕೊಂಡು ಬರೋ ಹೊತ್ತು ಹನ್ನೊಂದೂ ಆಗಬಹುದು, ಹನ್ನೆರಡೂವರೆಯೂ ಆಗಬಹುದು. ಬಸ್ಸು ಶಾಲೆ ಮುಟ್ಟಿದ ಮೇಲೆ ವಾದ್ಯ ಲಾರಿಯಿಂದ ಇಳಿಸಿ, ಯೂನಿಫಾರ್ಮ್ ನೇತುಹಾಕಿ ಹೊರಬರೋಕೆ ಇನ್ನೂ ಅರ್ಧ ಗಂಟೆ. "ಬಸ್ ಹೊರಟಿತು" ಅಂತ ಮೆಸೇಜ್ ಬಂದ ಮೇಲೆ ಮನೆ ಬಿಟ್ಟರೆ ಸಾಕು.